ಬಣ್ಣ ಬದಲಾದರೆ ಅಪರಾಧ ಸಾಬೀತಾದೀತೇ?

ತೋರಣಗಲ್ಲಿನ ಕಾರ್ಖಾನೆಗೆ ಹೊಟ್ಟೆಪಾಡಿಗಾಗಿ ಬರುವವರಲ್ಲಿ ಹೊರರಾಜ್ಯಗಳ ಬಡ ಯುವಕರೂ ಇದ್ದಾರೆ. ಅಲ್ಲಿಂದ ಹೊಸಪೇಟೆ ದಾಟಿದರೆ ಹಂಪಿ. ಅಲ್ಲಿಗೆ ಜಗತ್ತಿನ ಮೂಲೆಮೂಲೆಗಳಿಂದ ಪ್ರವಾಸಿಗರು ಬರುತ್ತಾರೆ. ನದಿಯಾಚೆಯ ವಿರೂಪಾಪುರ ಗಡ್ಡೆಯ ಅಕ್ರಮ ಕಟ್ಟಡಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ 2020ರಲ್ಲಿ ಕೆಡವಲಾಯಿತು. ಆ ಗಡ್ಡೆಯ ಹೆಸರಿನೊಂದಿಗೆ ಅಮಲು ಪದಾರ್ಥಗಳ ಮಾತೂ ಬಹುಕಾಲ ಸೇರಿಕೊಂಡಿತ್ತು. ಅಮಲು ಕುಟುಂಬಗಳನ್ನು ಹಾಳುಗೆಡವುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ನಮ್ಮ ತಕರಾರು ಬೇರೆ. ಯಾವುದು ಅಮಲು ಪದಾರ್ಥ ಎಂದು ನಿರ್ಧರಿಸುವುದು ಹೇಗೆ?

ತನಿಖಾಧಿಕಾರಿಗಳ ಕೈಯಲ್ಲಿ ಒಂದು ಪುಟ್ಟ ಪರೀಕ್ಷಾ ಕಿಟ್ ಇರುತ್ತದೆ. ಅನುಮಾನ ಬಂದ ವಸ್ತುವಿನ ಚೂರಿನ ಮೇಲೆ ರಾಸಾಯನಿಕದ ಹನಿ ಹಾಕುತ್ತಾರೆ, ಬಣ್ಣ ನೋಡುತ್ತಾರೆ. ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿಯನ್ನು ಗುರುತಿಸಲು ಎರ್ಲಿಕ್ ದ್ರಾವಣ ಬಳಕೆಯಲ್ಲಿದೆ. ಎಲ್‌ಎಸ್‌ಡಿ ಇದ್ದರೆ ಅದು ನೇರಳೆಯಾಗುತ್ತದೆ. ಆದರೆ ಈ ದ್ರಾವಣ ಗುರುತಿಸುವುದು ಎಲ್‌ಎಸ್‌ಡಿಯನ್ನಲ್ಲ, ಅದರೊಳಗಿನ ಇಂಡೋಲ್ ಎಂಬ ರಾಸಾಯನಿಕ ರಚನೆಯನ್ನು. ನಾವು ತಿನ್ನುವ ಆಹಾರದಲ್ಲಿರುವ ಟ್ರಿಪ್ಟೊಫ್ಯಾನ್‌ನಲ್ಲೂ ಅದೇ ರಚನೆಯಿದೆ. ಇನ್ನೊಂದೆಡೆ, ಎಲ್‌ಎಸ್‌ಡಿ ಹೆಸರಿನಲ್ಲೇ ಮಾರಾಟವಾಗುವ ಎನ್‌ಬಾಮ್ ಗುಂಪಿನ ಅಪಾಯಕಾರಿ ಪದಾರ್ಥಗಳಿಗೆ ಈ ದ್ರಾವಣ ಬಣ್ಣವನ್ನೇ ಕೊಡುವುದಿಲ್ಲ. ಹೀಗೆ ನಿರಪರಾಧಿ ಸಿಕ್ಕಿಬೀಳಬಹುದು, ಅಪರಾಧಿ ಪಾರಾಗಬಹುದು. ಇಂಥ ಪರೀಕ್ಷೆಗೆ 'ಪ್ರಾಥಮಿಕ' ಎಂಬ ಹೆಸರಿರುವುದು ಇದಕ್ಕೇ.

ಅಮೆರಿಕದ ಫ್ಲಾರಿಡಾದಲ್ಲಿ 2015ರಲ್ಲಿ ಒಬ್ಬರ ಕಾರಿನಲ್ಲಿ ಸಿಕ್ಕಿದ ಸಿಹಿತಿಂಡಿಯ ಸಕ್ಕರೆ ಚೂರನ್ನು ಇಂಥದ್ದೇ ಕಿಟ್ ಮಾದಕವಸ್ತು ಎಂದು ತೋರಿಸಿತು, ಅವರ ಬಂಧನವಾಯಿತು. ಪ್ರಯೋಗಾಲಯ ಮಾತ್ರ ಅದರಲ್ಲಿ ಮಾದಕವಸ್ತುವೇ ಇಲ್ಲವೆಂದಿತು. ನೆರೆಯ ಕೇರಳದ ಚಾಲಕುಡಿಯಲ್ಲಿ 2023ರಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಮಹಿಳೆಯೊಬ್ಬರ ಬಳಿ ಎಲ್‌ಎಸ್‌ಡಿ ಸ್ಟಾಂಪುಗಳು ಸಿಕ್ಕಿವೆ ಎಂದು ಪ್ರಕರಣ ದಾಖಲಾಯಿತು. ಅವರು 72 ದಿನ ಜೈಲಿನಲ್ಲಿದ್ದರು. ಪ್ರಯೋಗಾಲಯದ ವರದಿ ಬಂದಾಗ ಅದು ಎಲ್‌ಎಸ್‌ಡಿಯೇ ಆಗಿರಲಿಲ್ಲ. ಹೋದ ಮಾನಕ್ಕೆ, ಬೀಗ ಬಿದ್ದ ಅಂಗಡಿಗೆ ಹೊಣೆ ಯಾರು?

ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಕಠಿಣವಾದದ್ದು. ಎಲ್‌ಎಸ್‌ಡಿ 0.1 ಗ್ರಾಂ ಮೀರಿದರೂ ಅದು 'ವಾಣಿಜ್ಯ ಪ್ರಮಾಣ'. ಶಿಕ್ಷೆ ಕನಿಷ್ಠ 10 ವರ್ಷ. ಆರೋಪಿ ನಿರಪರಾಧಿ ಎಂದು ನಂಬಲು ಸಕಾರಣವಿದೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದ ಹೊರತು ಜಾಮೀನಿಲ್ಲ. ಪ್ರಯೋಗಾಲಯದ ವರದಿ ಬರುವ ಮೊದಲು ಆತ ಅದನ್ನು ಮನವರಿಕೆ ಮಾಡಿಕೊಡುವುದಾದರೂ ಹೇಗೆ? ಹಣವಂತನಿಗೆ ದೊಡ್ಡ ವಕೀಲರು ಸಿಗುತ್ತಾರೆ. ಭಾಷೆಯೂ ಬಾರದ ಕೂಲಿಕಾರನಿಗೆ, ಹಂಪಿಯ ಆಟೋ ಚಾಲಕನಿಗೆ ಯಾರಿದ್ದಾರೆ? ಇನ್ನು, ಬಂಧನದ ಮರುದಿನವೇ ಭಾವಚಿತ್ರ ಸಹಿತ 'ಡ್ರಗ್ಸ್ ಜಾಲ ಪತ್ತೆ' ಎಂದು ಬರೆಯುವ ಪತ್ರಿಕೆಗಳು, ಅದು ಸುಳ್ಳೆಂದು ತಿಳಿದ ದಿನ ಎಷ್ಟು ಸಾಲು ಬರೆಯುತ್ತವೆ?

ಕಿಟ್ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಅನುಮಾನಕ್ಕೆ ದಾರಿ ತೋರಿಸಲಿ, ತೀರ್ಪು ಕೊಡದಿರಲಿ. ಪ್ರಯೋಗಾಲಯದ ವರದಿ ತಿಂಗಳುಗಟ್ಟಲೆ ಅಲ್ಲ, ದಿನಗಳಲ್ಲಿ ಬರಲಿ. ಅಲ್ಲಿಯವರೆಗೆ ಹೆಸರು, ಊರು, ಜಾತಿ, ಧರ್ಮ ನೋಡಿ ಯಾರನ್ನೂ ಅಪರಾಧಿಯೆಂದು ಕರೆಯದ ಸಂಯಮ ಪೊಲೀಸರಿಗೂ ಪತ್ರಿಕೆಗಳಿಗೂ ಇರಲಿ, ನಮಗೂ ಇರಲಿ. ದ್ರಾವಣದ ಬಣ್ಣ ಅರೆನಿಮಿಷದಲ್ಲಿ ಬದಲಾಗುತ್ತದೆ. ಒಬ್ಬನ ಮೇಲೆ ಮೆತ್ತಿದ ಕಳಂಕ ಅಷ್ಟು ಬೇಗ ಮಾಸುವುದಿಲ್ಲ.