ಪರೀಕ್ಷೆಗೆ ಕೊಟ್ಟ ಹಲ್ಲು

ಮೂವತ್ತು ವರ್ಷ ಮಕ್ಕಳಿಗೆ ಪರೀಕ್ಷೆ ಮಾಡಿದವಳು ನಾನು. ನಾನೇ ಪರೀಕ್ಷೆಯ ಸಾಮಗ್ರಿಯಾಗಿ ಕುಳಿತದ್ದು ಒಮ್ಮೆ ಮಾತ್ರ. ತಂಗಿಯ ಮಗಳು ಬೆಂಗಳೂರಿನಲ್ಲಿ ಬಿ.ಡಿ.ಎಸ್. ಕೊನೆಯ ವರ್ಷದಲ್ಲಿದ್ದಳು. ಒಂದು ಸಂಜೆ ಫೋನು ಮಾಡಿ, "ದೊಡ್ಡಮ್ಮ, ಪ್ರಾಕ್ಟಿಕಲ್ಲಿಗೆ ಬರ್ತೀನಿ ಅಂದಿದ್ದ ಪೇಷೆಂಟು ಕೈಕೊಟ್ರು. ನಿಮ್ಮ ದವಡೆ ಹಲ್ಲು ಹುಳುಕಾಗಿದೆಯಲ್ಲ, ಅದನ್ನ ನಂಗೆ ಕೊಡ್ತೀರಾ?" ಎಂದಳು. ಮದುವೆಮನೆಗೆ ಓಲೆ ಕೇಳುವ ಹಾಗೆ ಹಲ್ಲು ಕೇಳಿದ ಹುಡುಗಿಗೆ ಇಲ್ಲವೆನ್ನಲಾಗಲಿಲ್ಲ. ದಂತವೈದ್ಯಕೀಯದ ಮಕ್ಕಳು ಪರೀಕ್ಷೆಗೆ ರೋಗಿಗಳನ್ನು ತಾವೇ ಹುಡುಕಿ ತರುವುದುಂಟೆಂದು ನನಗೆ ತಿಳಿದದ್ದೇ ಆಗ. ಚನ್ನಪಟ್ಟಣದಿಂದ ಬೆಳಗಿನ ರೈಲು ಹಿಡಿದು ಹೋದೆ.

ಎರಡು ಗಂಟೆ ಬಾಯಿ ತೆರೆದುಕೊಂಡು ಮಲಗಿದ್ದೆ. ಪರೀಕ್ಷಕರು ಬಂದರು. ಪುಟ್ಟ ಕನ್ನಡಿ ಹಿಡಿದು, ಮೊನೆಯ ಕಡ್ಡಿಯಿಂದ ಹಲ್ಲಿನ ಗುಳಿಯನ್ನು ಗೀಚಿ ನೋಡಿ, ಏನೋ ಬರೆದುಕೊಂಡು ಮುಂದಿನ ಕುರ್ಚಿಗೆ ನಡೆದರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. "ಇಷ್ಟೇನಾ?" ಎಂದು ಕೇಳಬೇಕೆನಿಸಿತು. ಬಾಯಲ್ಲಿ ಹತ್ತಿ ತುಂಬಿತ್ತು.

ಆದ್ದರಿಂದ ಈ ಕೆಲಸಕ್ಕೆ ಕೃತಕ ಬುದ್ಧಿಮತ್ತೆ ಬರುತ್ತಿದೆಯೆಂದು ಓದಿದಾಗ ನನಗೆ ಮೊದಲು ಆದದ್ದು ಸಂತೋಷವೇ. ವಿದ್ಯಾರ್ಥಿ ಕೊರೆದ ಪ್ಲಾಸ್ಟಿಕ್ ಹಲ್ಲನ್ನು ಸ್ಕ್ಯಾನ್ ಮಾಡಿ, ಮಾದರಿ ಹಲ್ಲಿನ ಜೊತೆ ಹೋಲಿಸಿ, ಎಲ್ಲಿ ಹೆಚ್ಚು ಆಳವಾಯಿತು, ಯಾವ ಗೋಡೆ ವಾಲಿತು ಎಂಬುದನ್ನು ಮಿಲಿಮೀಟರಿನ ಭಾಗಗಳಲ್ಲಿ ಬಣ್ಣ ಹಚ್ಚಿ ತೋರಿಸುವ ತಂತ್ರಾಂಶಗಳು ಮೊದಲೇ ಇದ್ದವು. ಈಗಿನ ಯಂತ್ರ ಸಾವಿರಾರು ಚಿತ್ರಗಳನ್ನು ನೋಡಿ ತಾನೇ ಕಲಿಯುತ್ತದೆ, ಎಕ್ಸ್‌ರೇಯಲ್ಲಿ ಹುಳುಕು ಗುರುತಿಸುತ್ತದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಪ್ರಬಂಧದ ಉತ್ತರಗಳಿಗೂ ಅಂಕ ಹಾಕಿಸಿ ನೋಡುತ್ತಿದ್ದಾರೆ. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಉತ್ತರ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ತಿದ್ದಿಸುವುದು ಹಳೆಯ ಮಾತು. ಅದು ಬೇರೆ, ಅಲ್ಲಿ ತಿದ್ದುವವರು ಅಧ್ಯಾಪಕರೇ.

ಸಂತೋಷ ಏಕೆಂದರೆ, ಮೌಲ್ಯಮಾಪನದ ಕೇಂದ್ರದಲ್ಲಿ ಊಟಕ್ಕೆ ಮೊದಲು ತಿದ್ದುವ ಕೈಗೂ ಊಟವಾದ ಮೇಲೆ ತಿದ್ದುವ ಕೈಗೂ ಎಷ್ಟು ಅಂತರವೆಂದು ನನಗೆ ಗೊತ್ತು. ನನ್ನ ಕೈಯೂ ಅದರಲ್ಲಿ ಒಂದು. ಒಂದೇ ಹಲ್ಲನ್ನು ಒಬ್ಬರೇ ಗುರುಗಳಿಗೆ ಬೇರೆ ಬೇರೆ ದಿನ ತೋರಿಸಿದರೆ ಬೇರೆ ಬೇರೆ ಅಂಕ ಬರುವುದು ಆ ಶಿಕ್ಷಣದಲ್ಲಿ ಎಲ್ಲರೂ ಒಪ್ಪಿದ ದೋಷ. ಯಂತ್ರ ಹುಡುಗಿಯ ಇಂಗ್ಲಿಷನ್ನು, ಹೆಸರನ್ನು, ಅಪ್ಪನ ಕೆಲಸವನ್ನು ಕೇಳದೆ ಹಲ್ಲನ್ನಷ್ಟೇ ಅಳೆಯುವುದಾದರೆ ಕನಕಪುರದ ಹಳ್ಳಿಯಿಂದ ಬಂದ ಮಗುವಿಗೆ ಅದು ಸಣ್ಣ ಉಪಕಾರವಲ್ಲ. ರಾತ್ರಿ ಹತ್ತು ಗಂಟೆಗೆ ಒಬ್ಬಳೇ ಕುಳಿತು, ಯಾರಿಂದಲೂ ಬೈಸಿಕೊಳ್ಳದೆ ಐವತ್ತು ಸಲ ತಪ್ಪು ಮಾಡಬಹುದು.

ಆದರೆ ಮಾದರಿ ಹಲ್ಲು ಯಾರದು? ಅಮೆರಿಕದ ಜಿ.ವಿ. ಬ್ಲ್ಯಾಕ್ 1908ರಲ್ಲಿ ಬರೆದ ಗ್ರಂಥದ ಪ್ರಕಾರ, ಮುಂದೆ ಹುಳುಕಾದೀತೆಂದು ಪಕ್ಕದ ಒಳ್ಳೆಯ ಭಾಗವನ್ನೂ ಕೊರೆದು ತೆಗೆಯುವುದೇ ಜಾಣತನ. ಎಷ್ಟೋ ದಶಕ ಹಾಗೇ ಕಲಿಸಿದರು. ಇಂದಿನವರು ಹಲ್ಲನ್ನು ಆದಷ್ಟು ಉಳಿಸಿರಿ ಎನ್ನುತ್ತಾರೆ. ಹಳೆಯ ಮಾದರಿ ಕಲಿತ ಯಂತ್ರ ಹಲ್ಲು ಉಳಿಸಿದವಳಿಗೇ ಅಂಕ ಕಳೆಯುತ್ತದೆ, ಅದೂ ಕೈ ನಡುಗದೆ. ಪಾವಗಡದ ಫ್ಲೋರೈಡ್ ನೀರು ಕುಡಿದು ಕಂದು ಬಿದ್ದ ಹಲ್ಲು, ನಲವತ್ತು ವರ್ಷ ಎಲೆ ಅಡಿಕೆ ಮೆದ್ದ ಹಲ್ಲು ಆ ಸಾವಿರಾರು ಚಿತ್ರಗಳಲ್ಲಿ ಎಷ್ಟಿವೆಯೆಂದು ಕೇಳದೆ ಅದರ ಅಂಕವನ್ನು ಒಪ್ಪಬಾರದು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನೆನಪಾಗುತ್ತದೆ. ಹರಾಜು ಈಗ ಕಂಪ್ಯೂಟರಿನಲ್ಲಿ, ತೂಕವೂ ಯಂತ್ರದ್ದೇ. ಕೂಗಾಟ, ಮೋಸ ಕಡಿಮೆಯಾದವೆಂದು ರೈತರು ಹೇಳುತ್ತಾರೆ. ಆದರೆ ರೀಲರು ಬೆಲೆ ಒತ್ತುವ ಮೊದಲು ಗೂಡಿನ ರಾಶಿಗೆ ಕೈಹಾಕಿ, ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ನೋಡುತ್ತಾನೆ. ಅದನ್ನು ಯಾರೂ ಬಿಡಿಸಿಲ್ಲ.

ನನ್ನ ಹಲ್ಲಿನ ಕಥೆಗೆ ಬರುತ್ತೇನೆ. ಕೊರೆಯುವ ನಡುವೆ ನಾನು ಕುರ್ಚಿಯ ಕೈ ಬಿಗಿಹಿಡಿದದ್ದನ್ನು ಹುಡುಗಿ ನೋಡಿದಳು. "ನೋವಾಯ್ತಾ ದೊಡ್ಡಮ್ಮ?" ಎಂದು ನಿಲ್ಲಿಸಿದಳು. ಮತ್ತೆ ಸೂಜಿ ಚುಚ್ಚಿ, ಅದು ಮರಗಟ್ಟುವವರೆಗೆ ಗಡಿಯಾರ ನೋಡುತ್ತ ಕಾದಳು. ಆ ಹತ್ತು ನಿಮಿಷ ಕೊನೆಯಲ್ಲಿ ಕಡಿಮೆ ಬಿದ್ದು, ತುಂಬಿದ ಮೇಲ್ಮೈ ಸ್ವಲ್ಪ ಒರಟಾಗಿಯೇ ಉಳಿಯಿತು. ಅಂಕ ಹೋಯಿತು. ಯಂತ್ರವಿದ್ದರೂ ಹೋಗುತ್ತಿತ್ತು, ಇನ್ನೂ ಖಚಿತವಾಗಿ ಹೋಗುತ್ತಿತ್ತು. ಯಂತ್ರಕ್ಕೆ ಕುರ್ಚಿಯ ಕೈ ಕಾಣುವುದಿಲ್ಲವೆಂದು ಬೈಯುವುದು ಸುಲಭ, ಕಣ್ಣಿದ್ದ ಪರೀಕ್ಷಕರೂ ಅದನ್ನು ನೋಡಲಿಲ್ಲವಲ್ಲ!

ಅಳತೆಯ ಕೆಲಸ ಯಂತ್ರ ಮಾಡಲಿ, ಬೇಡವೆನ್ನುವುದಿಲ್ಲ. ಅದರಿಂದ ಉಳಿದ ಹೊತ್ತನ್ನು ಪರೀಕ್ಷಕರು ಕುರ್ಚಿಯ ಪಕ್ಕ ನಿಂತು ಕಳೆಯಬೇಕು. ಪಾಸು ನಪಾಸಿನ ಮಾತು ಬಂದಾಗ ಕಾರಣ ಬರೆದು ಸಹಿ ಹಾಕುವವರು ಒಬ್ಬರಿರಬೇಕು, ಯಾಕೆ ಹೀಗೆ ಎಂದು ಮಗು ಹೋಗಿ ಕೇಳುವುದಕ್ಕಾದರೂ. ಕಾಲೇಜುಗಳು ಹಾಗೆ ಮಾಡದೆ, ಯಂತ್ರ ಬಂತೆಂದು ಇಬ್ಬರು ಅಧ್ಯಾಪಕರನ್ನು ಕಡಿಮೆ ಮಾಡಿಯಾವು ಎಂಬುದೇ ನನ್ನ ಭಯ.

ಹುಡುಗಿ ಪಾಸಾದಳು, ಈಗ ಮಾಗಡಿಯಲ್ಲಿ ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿದ್ದಾಳೆ. ಹೋದಾಗಲೆಲ್ಲ, "ಆ ಹಲ್ಲನ್ನ ನುಣುಪು ಮಾಡಿಕೊಡ್ತೀನಿ, ಕೂತ್ಕೊಳ್ಳಿ ದೊಡ್ಡಮ್ಮ" ಎನ್ನುತ್ತಾಳೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬರುತ್ತೇನೆ. ದಾರಿಯುದ್ದಕ್ಕೂ ನಾಲಿಗೆ ಆ ಒರಟಿನ ಮೇಲೇ ಆಡುತ್ತಿರುತ್ತದೆ.