ಹಡಗಲಿಯ ಮಜ್ಜಿಗೆ, ಪುಣ್ಯಕೋಟಿಯ ಹುಲಿ

ವೀಗನ್ ಆಗಿ ಮೂರು ವರ್ಷ ಆಯ್ತು. ಬೆಂಗಳೂರಲ್ಲಿ ಇದರಿಂದ ನನಗೆ ದೊಡ್ಡ ತೊಂದರೆ ಏನೂ ಆಗಿಲ್ಲ. ಕಾಫಿಗೆ ಓಟ್ಸ್ ಹಾಲು ಸಿಗುತ್ತೆ, ಆ್ಯಪ್‌ನಲ್ಲಿ ತೋಫು ಸಿಗುತ್ತೆ. ಆಫೀಸಿನ ಪಾರ್ಟಿಯಲ್ಲಿ "ನನಗೆ ಹಾಲು ಆಗಿಬರಲ್ಲ" ಅಂದುಬಿಟ್ಟರೆ ಯಾರೂ ಮುಂದಕ್ಕೆ ಕೇಳಲ್ಲ. ಕಷ್ಟ ಶುರುವಾಗಿದ್ದು ಹೂವಿನಹಡಗಲಿಯಲ್ಲಿ, ಒಂದು ಲೋಟ ಮಜ್ಜಿಗೆಯ ಮುಂದೆ.

ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದ ಜಾತ್ರೆ. ಆ ನೆಪದಲ್ಲಿ ದೊಡ್ಡವ್ವನ ಮನೆಗೆ ಹೋಗಿದ್ದೆ. ತಟ್ಟೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ವೀಗನ್ ಅನ್ನೋ ಪದವನ್ನೇ ಕೇಳಿರದ ಅಡುಗೆಮನೆಯ ಊಟ ಮುಕ್ಕಾಲುಪಾಲು ವೀಗನ್ ಆಗೇ ಇತ್ತು. ಆಮೇಲೆ ಮಜ್ಜಿಗೆ ಬಂತು. ಬೇಡ ಅಂದೆ. ಮೊಸರು? ಅದೂ ಬೇಡ. ಹೋಗಲಿ, ಚಹಾ? ಹಾಲು ಹಾಕದಿದ್ದರೆ ಕುಡೀತೀನಿ ಅಂದೆ.

ದೊಡ್ಡವ್ವ ಲೋಟ ಕೆಳಗಿಟ್ಟು ಕೇಳಿದಳು: "ಯಾವ ಸ್ವಾಮೇರ ಹತ್ರ ದೀಕ್ಷಾ ತಗಂಡೀಯಪ್ಪಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಊರುಗಳಲ್ಲಿ ಊಟ ಬೇಡ ಅನ್ನೋದು ಬರೀ ರುಚಿಯ ಮಾತಲ್ಲ. ಯಾರ ಮನೆಯ ನೀರನ್ನು ಯಾರು ಕುಡಿಯಲ್ಲ ಅನ್ನೋದರ ಮೇಲೆ ಇಲ್ಲಿ ಊರಿಗೆ ಊರೇ ನಿಂತಿದೆ. ಅಂಥ ಕಡೆ ಹೋಗಿ, ಪ್ರಾಣಿದಯೆಯಿಂದಲೇ ಆದರೂ, ಚಾಚಿದ ಲೋಟವನ್ನು ಬೇಡ ಅಂದರೆ ಎದುರಿನವರ ಕಿವಿಗೆ ಅದು ಮಡಿಯ ಮಾತಾಗಿಯೇ ಬೀಳುತ್ತೆ. ನಿಜ ಹೇಳಬೇಕಂದ್ರೆ, ಅವರು ಪೂರ್ತಿ ತಪ್ಪಾಗಿಯೂ ಕೇಳಿಸಿಕೊಂಡಿರಲಿಲ್ಲ. "ಕಟ್ಟುನಿಟ್ಟಾದ ವೀಗನ್" ಅಂತ ನನ್ನನ್ನು ನಾನೇ ಕರೆದುಕೊಳ್ಳುವಾಗ ನನ್ನೊಳಗೆ ಒಂದು ಸಣ್ಣ ಮಡಿಬಟ್ಟೆ ಒಣಗುತ್ತಿರುತ್ತದೆ.

ಹಾಗಂತ ಈ "ಕಟ್ಟುನಿಟ್ಟು" ವೀಗನ್ ವಿಚಾರದ ಮೂಲದಲ್ಲೇ ಇದೆಯಾ? 1944ರಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಇಂಗ್ಲೆಂಡಿನಲ್ಲಿ ವೀಗನ್ ಸೊಸೈಟಿ ಕಟ್ಟಿದರು. ಆ ಸೊಸೈಟಿ ಇವತ್ತು ಕೊಡುವ ವ್ಯಾಖ್ಯೆಯಲ್ಲೇ ಒಂದು ಕಿಟಕಿ ಇದೆ: ಪ್ರಾಣಿಗಳ ಶೋಷಣೆಯನ್ನು ಸಾಧ್ಯವಿದ್ದಷ್ಟು, ಆಚರಣೆಗೆ ತರಲು ಆಗುವಷ್ಟು ದೂರವಿಡಬೇಕು ಅನ್ನುತ್ತೆ ಅದು. ಆ "ಆಗುವಷ್ಟು" ಅನ್ನೋ ಕಿಟಕಿಯನ್ನು ಮುಚ್ಚಿ ಚಿಲಕ ಹಾಕಿಕೊಂಡವರು ನಾವು. ಬಿಸ್ಕತ್ ಪ್ಯಾಕೆಟ್ಟಿನ ಹಿಂದೆ ಹಾಲಿನ ಪುಡಿ ಹುಡುಕುತ್ತೇವೆ. ನಮ್ಮ ಹಸಿರು ಚುಕ್ಕೆ ಹಾಲನ್ನು ಒಳಗೆ ಬಿಟ್ಟುಕೊಳ್ಳುತ್ತೆ ಅಂತ, 2022ರ ನಿಯಮಗಳ ಪ್ರಕಾರ ಬಂದ ಹಸಿರು 'ವಿ' ಗುರುತನ್ನೇ ಹುಡುಕುತ್ತೇವೆ. ಇಷ್ಟೆಲ್ಲ ಮಾಡಿದರೂ ಗಿಡಮೂಲದ ಊಟದಿಂದ ಬಿ12 ಸಾಕಷ್ಟು ಸಿಗಲ್ಲ, ಮಾತ್ರೆ ನುಂಗಲೇಬೇಕು. ಒಂದು ದಿನ ನೋಡಿದರೆ ನಾನು ನುಂಗುತ್ತಿದ್ದ ಕ್ಯಾಪ್ಸೂಲಿನ ಹೊದಿಕೆ ಜೆಲಟಿನ್, ಅಂದರೆ ಪ್ರಾಣಿಯ ಚರ್ಮ-ಮೂಳೆಯಿಂದ ಬಂದದ್ದು!

ಅವತ್ತು ರಾತ್ರಿ ದೊಡ್ಡವ್ವ ಹೊದೆಯಲು ಕಂಬಳಿ ಕೊಟ್ಟಳು. ಮೈಲಾರದ ಗೊರವಯ್ಯಗಳು ಮೈಮೇಲೆ ಹಾಕಿಕೊಳ್ಳುವಂಥದ್ದೇ ಕರೀ ಕುರಿಯುಣ್ಣೆಯದು. ನಿಯಮದ ಪ್ರಕಾರ ಅದೂ ನನಗೆ ನಿಷಿದ್ಧ. ಅದರ ಬದಲಿಗೆ ಇದ್ದದ್ದು ಪಾಲಿಯೆಸ್ಟರ್ ಹೊದಿಕೆ; ಅಂದರೆ ಪೆಟ್ರೋಲಿಯಂ. ಯಾವುದು ಹೆಚ್ಚು ಹಿಂಸೆ ಅಂತ ಲೆಕ್ಕ ಹಾಕುತ್ತಾ ಕಂಬಳಿಯನ್ನೇ ಎಳೆದುಕೊಂಡೆ. ನಿದ್ದೆ ಬರಲಿಲ್ಲ. ತಲೆಯಲ್ಲಿ ಸುತ್ತುತ್ತಿದ್ದದ್ದು ಗೋವಿನ ಹಾಡು.

ಕನ್ನಡದ ಮಕ್ಕಳಿಗೆಲ್ಲ ಪ್ರಾಣಿದಯೆಯ ಮೊದಲ ಪಾಠ ಅದೇ. ಪುಣ್ಯಕೋಟಿ ಕೊಟ್ಟ ಮಾತಿಗೆ ತಪ್ಪದೆ ವಾಪಸ್ ಬಂದಾಗ ಅತ್ತವರು ನಾವು. ದೊಡ್ಡವನಾದ ಮೇಲೆ ಯೋಚಿಸಿದರೆ ಅದರಲ್ಲಿ ಎರಡು ಸಂಗತಿ ಎದ್ದು ಕಾಣುತ್ತವೆ. ಒಂದು, ಹುಲಿ ಬರುವುದಕ್ಕೂ ಮೊದಲು ಗೊಲ್ಲ ಹಸುಗಳನ್ನು ಕರೆದು ಹಾಲು ಹಿಂಡಿ ಬಿಂದಿಗೆ ತುಂಬಿಸಿಕೊಳ್ಳುತ್ತಾನೆ. ಅಲ್ಲಿ ಯಾರೂ ಅಳುವುದಿಲ್ಲ. ಆಮೇಲೆ ಕರು ತಾಯಿಯನ್ನು ಕೇಳುವುದು ಮಾತ್ರ ಹಾಲಿನ ಪ್ರಶ್ನೆಯನ್ನೇ: ಇನ್ನು ಯಾರ ಮೊಲೆ ಕುಡಿಯಲಿ ಅಂತ. ಬಿಂದಿಗೆಗೂ ಕರುವಿನ ಪ್ರಶ್ನೆಗೂ ಸಂಬಂಧ ಇದೆ ಅಂತ ಹಾಡು ಹೇಳಲ್ಲ, ನಾವೂ ಕೇಳಿಲ್ಲ. ವೀಗನ್ ವಿಚಾರದ ಶಕ್ತಿ ಇರುವುದು ಇಲ್ಲೇ. ಅದು ಕರುವಿನ ಕಡೆಯಿಂದ ಬಿಂದಿಗೆಯನ್ನು ನೋಡುತ್ತೆ.

ಎರಡನೆಯದು ಹುಲಿ. ಹಸುವಿನ ಸತ್ಯ ಕಂಡು ಅದಕ್ಕೆ ತಿನ್ನಲು ಮನಸ್ಸಾಗಲ್ಲ, ತಿನ್ನದೆ ಬದುಕುವ ದಾರಿಯೂ ಗೊತ್ತಿಲ್ಲ. ಮೇಲಕ್ಕೆ ನೆಗೆದು ಪ್ರಾಣ ಬಿಡುತ್ತೆ. ಕಟ್ಟುನಿಟ್ಟಿನ ವ್ರತ ಕೊನೆ ಮುಟ್ಟುವುದು ಅಲ್ಲಿಗೇ. ಆ ಸಾವಿನಿಂದ ಹುಲಿಗೆ ಹೆಸರು ಬಂತೇ ಹೊರತು, ಮಾರನೇ ದಿನ ಗೊಲ್ಲನ ಬಿಂದಿಗೆಯಲ್ಲಿ ಕರುವಿನ ಪಾಲೆಷ್ಟು ಅನ್ನುವುದು ಹಾಗೇ ಉಳಿಯಿತು.

ಬೆಳಿಗ್ಗೆ ದೊಡ್ಡವ್ವನಿಗೆ "ಆಗಿಬರಲ್ಲ" ಅನ್ನೋ ಸುಳ್ಳು ಹೇಳದೆ ನಿಜ ಹೇಳಿದೆ: ಕರುವಿನ ಹಾಲು ಕುಡಿಯೋಕೆ ಮನಸ್ಸು ಒಪ್ಪಲ್ಲ ಅಂತ. ಅವಳಿಗೆ ಇದು ವಿಚಿತ್ರ ಅನ್ನಿಸಲೇ ಇಲ್ಲ. "ಅದ್ಕ ನಾ ಒಂದ್ ಮೊಲಿ ಕರೂಗೇ ಬಿಡ್ತೀನಿ. ಅದರ ಪಾಲು ಕಸ್ಗಂಡ್ರ ನಮಗ ಒಳ್ಳೇದಾಕೈತೇನು?" ಅಂದಳು. ನಾನು ಪುಸ್ತಕ, ಸಾಕ್ಷ್ಯಚಿತ್ರ ಅಂತ ಸುತ್ತಿ ಮುಟ್ಟಿದ ಜಾಗದಲ್ಲಿ ಅವಳು ಮೊದಲೇ ಕೂತಿದ್ದಳು.

ಆಮೇಲೆ ಕೇಳಬಾರದ್ದನ್ನು ಕೇಳಿದೆ. "ಎಮ್ಮಿ ಗಂಡುಗರು ಹಾಕಿದ್ರ?"

ಅವಳು ತಕ್ಷಣ ಉತ್ತರ ಕೊಡಲಿಲ್ಲ. ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ, ಕೋಣಕ್ಕೆ ಕೆಲಸ ಇಲ್ಲ. ಮಳೆ ನಂಬಿದ ಹೊಲ ಕೈಕೊಟ್ಟ ವರ್ಷ ಮನೆ ನಡೆಸಿದ್ದು ಆ ಎಮ್ಮೆಯ ಹಾಲೇ. ಕಾನೂನೂ ಇಲ್ಲಿ ಭೇದ ಮಾಡುತ್ತೆ: 2021ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಹಸು, ಎತ್ತು, ಕರುಗಳನ್ನು ಕಡಿಯುವುದನ್ನು ಪೂರ್ತಿ ತಡೆಯುತ್ತೆ, 13 ವರ್ಷ ದಾಟಿದ ಎಮ್ಮೆ-ಕೋಣಕ್ಕೆ ಆ ರಕ್ಷಣೆ ಇಲ್ಲ. ಎಮ್ಮೆಗೆ ಪುಣ್ಯಕೋಟಿಯಂಥ ಹಾಡೂ ಇಲ್ಲ. "ಮಾರ್ತೀವಪ್ಪಾ," ಅಂದಳು ಕೊನೆಗೆ. "ಮತ್ತೇನ್ ಮಾಡೂದು, ನೀನ ಹೇಳು."

ನನ್ನ ಹತ್ರ ಉತ್ತರ ಇರಲಿಲ್ಲ. ನನ್ನ ವೀಗನ್ ಬದುಕಿನ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ. ನನ್ನ ತಟ್ಟೆಯನ್ನು ಮೂರು ವರ್ಷ ಚೊಕ್ಕಟವಾಗಿ ಇಟ್ಟುಕೊಂಡೆ. ಹಾಲು ಮಾರಿ ಬದುಕುವವಳ ಮನೆ ಹಾಲಿಲ್ಲದೆ ಹೇಗೆ ನಡೆಯಬೇಕು ಅಂತ ಒಂದು ದಿನವೂ ಲೆಕ್ಕ ಹಾಕಲಿಲ್ಲ. ಆ ಲೆಕ್ಕ ಹಾಕದೆ ಬರೀ ಲೇಬಲ್ ಓದುವ ವೀಗನ್, ನೆಗೆದು ಸತ್ತ ಹುಲಿಯ ಸಂಬಂಧಿಕನೇ.

ಗಾಂಧೀಜಿ 1912ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಾಲು ಬಿಟ್ಟರು. 1918ರಲ್ಲಿ ಹಿಡಿದ ಕಾಯಿಲೆ ಸಾವಿನ ಹತ್ತಿರ ಒಯ್ದಾಗ, ತಾನು ವ್ರತ ತೊಟ್ಟದ್ದು ಹಸು-ಎಮ್ಮೆಯ ಹಾಲಿನ ಬಗ್ಗೆ ಅಂತ ಸಮಾಧಾನ ಮಾಡಿಕೊಂಡು ಆಡಿನ ಹಾಲು ಕುಡಿದರು. ಅದು ವ್ರತದ ಅಕ್ಷರವನ್ನು ಉಳಿಸಿ ಆತ್ಮವನ್ನು ಕೊಂದಂತೆ ಅಂತ ಆತ್ಮಕಥೆಯಲ್ಲಿ ತಾವೇ ಒಪ್ಪಿಕೊಂಡರು. ಆ ಸಂಕಟವನ್ನು ಮುಚ್ಚಿಡಲಿಲ್ಲ ಅನ್ನೋದು ನನಗೆ ಅವರ ವ್ರತಕ್ಕಿಂತ ದೊಡ್ಡದಾಗಿ ಕಾಣುತ್ತೆ.

ಹೊರಡೋ ದಿನ ದೊಡ್ಡವ್ವ ಮತ್ತೆ ಮಜ್ಜಿಗೆ ತರಲಿಲ್ಲ. ಬುತ್ತಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ, "ಇದರಾಗ ಹಾಲು-ತುಪ್ಪ ಏನೂ ಇಲ್ಲ, ಹೆದರಬ್ಯಾಡ" ಅಂದಳು. ನಾನು ಈಗಲೂ ಹಾಲು ಕುಡಿಯಲ್ಲ. ಆದರೆ ಯಾರಾದರೂ ಕೇಳಿದರೆ "ಸ್ಟ್ರಿಕ್ಟ್ ವೀಗನ್" ಅನ್ನೋದನ್ನು ಬಿಟ್ಟಿದ್ದೇನೆ. ಊರಿಗೆ ಫೋನ್ ಮಾಡಿದಾಗಲೆಲ್ಲ ಎಮ್ಮೆ ಹೆಂಗೈತಿ ಅಂತ ಕೇಳ್ತೀನಿ. ಕರುವಿನ ಬಗ್ಗೆ ಕೇಳೋಕೆ ಇನ್ನೂ ಧೈರ್ಯ ಬಂದಿಲ್ಲ.