ಪರದೆಯಾಚೆಯ ಗೆಳೆತನ

ಕಂಪ್ಯೂಟರು ಮನುಷ್ಯರನ್ನು ಒಂಟಿಯಾಗಿಸುತ್ತದೆಯೇ, ಬೆಸೆಯುತ್ತದೆಯೇ? ಅಮೆರಿಕದ ಎಂಐಟಿಯ ಪ್ರಾಧ್ಯಾಪಕಿ ಶೆರಿ ಟರ್ಕಲ್ ಈ ಪ್ರಶ್ನೆಗೆ ಎರಡು ಬಗೆಯ ಉತ್ತರ ಕೊಟ್ಟವರು. 1995ರ ‘ಲೈಫ್ ಆನ್ ದ ಸ್ಕ್ರೀನ್’ ಕೃತಿಯಲ್ಲಿ ಅವರಿಗೆ ಪರದೆಯ ಮೇಲಿನ ಬದುಕಿನ ಬಗ್ಗೆ ಭರವಸೆಯಿತ್ತು. 2011ರ ‘ಅಲೋನ್ ಟುಗೆದರ್’ನಲ್ಲಿ ಆ ಜಾಗಕ್ಕೆ ಆತಂಕ ಬಂದಿದೆ. ಯಂತ್ರದಿಂದ ಹೆಚ್ಚನ್ನು ಬಯಸುತ್ತ, ಪರಸ್ಪರರಿಂದ ಕಡಿಮೆ ಬಯಸುವವರಾಗಿದ್ದೇವೆ ಎಂಬುದು ಅವರ ವಾದ.

ಅಭಿಪ್ರಾಯ ಬದಲಿಸಿದ್ದು ತಪ್ಪಲ್ಲ. ನಮ್ಮ ತಕರಾರು ಬೇರೆ. ಅವರು ಪರದೆಯ ಮಾತನ್ನು ಎದುರುಬದುರು ಕೂತಾಡುವ ಮಾತಿನೊಂದಿಗೆ ತೂಗುತ್ತಾರೆ. ಆದರೆ ಎಷ್ಟೋ ಮನೆಗಳಲ್ಲಿ ಪರದೆಗೆ ಬದಲಾಗಿ ಇದ್ದದ್ದು ಮೌನ ಮಾತ್ರ. ಭಾಯಿಜಾನ್ ಸೌದಿಯಲ್ಲಿದ್ದಾಗ ಅವರ ಉರ್ದು ಪತ್ರಗಳನ್ನು ಅಮ್ಮಿಗೆ ಓದಿ ಹೇಳುತ್ತಿದ್ದವರು ನಾವು. ಅಮ್ಮಿಗೆ ಅಕ್ಷರ ಬಾರದು. ಒಬ್ಬ ಮಗನಿಗೆ ಹೇಳಬೇಕಾದ ನೋವನ್ನು ಇನ್ನೊಬ್ಬ ಮಗನ ಕೈಯಲ್ಲಿ ಬರೆಸಬೇಕಿತ್ತು. ಹಾಗಾಗಿ ಎಷ್ಟನ್ನೋ ಅವರು ಬರೆಸಲೇ ಇಲ್ಲ. ಮುಂದೆ ಕಂಪ್ಯೂಟರಿನಲ್ಲಿ ಭಾಯಿಜಾನರ ಮುಖ ಕಂಡ ದಿನ ಅಮ್ಮಿ ನಮ್ಮನ್ನು ಕೋಣೆಯಿಂದ ಆಚೆ ಕಳಿಸಿ ಬಾಗಿಲು ಹಾಕಿಕೊಂಡರು.

ಹಾಗೆಂದು ಟರ್ಕಲ್ ಅವರನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ನೆರೆಮನೆಯ ಹಿರಿಯರು ಕಾಯಿಲೆ ಬಿದ್ದ ಸುದ್ದಿ ನಮಗೆ ತಿಳಿದದ್ದು ಪರದೆಯ ಮೇಲೆ. ‘ಅಲ್ಲಾಹ್ ಶಿಫಾ ನೀಡಲಿ’ ಎಂದು ಬರೆದು ಕಳಿಸಿದೆವು. ಹತ್ತು ಹೆಜ್ಜೆ ನಡೆಯಲಿಲ್ಲ. ನಾಲ್ಕನೆಯ ದಿನ ನಡೆದೆವು, ಜನಾಝಾಕ್ಕೆ.

ಈ ಎರಡು ಅನುಭವಗಳನ್ನು ಜೋಡಿಸಲು ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರ ಅಧ್ಯಯನ ನೆರವಾಗುತ್ತದೆ. ಪಿಟ್ಸ್‌ಬರ್ಗಿನ 73 ಕುಟುಂಬಗಳ 169 ಮಂದಿಯನ್ನು ಗಮನಿಸಿದ ಅವರು, ಇಂಟರ್ನೆಟ್ ಬಳಕೆ ಹೆಚ್ಚಿದಂತೆ ಒಂಟಿತನವೂ ತುಸು ಹೆಚ್ಚಿತೆಂದು 1998ರಲ್ಲಿ ಬರೆದರು. ಆ ದುಷ್ಪರಿಣಾಮ ಬಹುಮಟ್ಟಿಗೆ ಕರಗಿತ್ತೆಂದು 2002ರಲ್ಲಿ ಅವರೇ ತಿಳಿಸಿದರು. ಹೊಸದಾಗಿ ಪರೀಕ್ಷಿಸಿದ ಇನ್ನೊಂದು ಗುಂಪಿನಲ್ಲಿ, ಜನರೊಂದಿಗೆ ಬೆರೆಯುವ ಸ್ವಭಾವದವರಿಗೆ ಲಾಭವಾಗಿತ್ತು. ಒಳಸರಿಯುವವರಿಗೆ ಅಷ್ಟು ಆಗಿರಲಿಲ್ಲ.

ಅಂದರೆ ಯಂತ್ರವು ನಮ್ಮಲ್ಲಿ ಮೊದಲೇ ಇದ್ದುದನ್ನು ಹಿಗ್ಗಿಸುತ್ತದೆ. ಅಮ್ಮಿಯಲ್ಲಿ ಹಂಬಲವಿತ್ತು, ಅದಕ್ಕೆ ದಾರಿ ಸಿಕ್ಕಿತು. ನಮ್ಮಲ್ಲಿ ಸೋಮಾರಿತನವಿತ್ತು, ಅದಕ್ಕೆ ನೆಪ ಸಿಕ್ಕಿತು. ಆ ಹತ್ತು ಹೆಜ್ಜೆಯ ಲೆಕ್ಕವನ್ನು ಕಂಪ್ಯೂಟರಿನ ತಲೆಗೆ ಕಟ್ಟಲು ನಮಗೆ ಮನಸ್ಸಾಗುತ್ತಿಲ್ಲ.